ದುಯಿತ್, ದುಡ್ಡು ಮತ್ತು ನಡುವಿನ ನಾಲ್ಕು ದಿನ



ಕಥೆ, ಕವಿತೆ, ಹರಟೆಗಳ ನಡುವೆ ಈ ಸಲ ದುಡ್ಡಿನ ಮಾತು. ಸಂಪಾದಕರು ನಮ್ಮಿಂದ ಕೇಳಿದ್ದು ಪ್ರವಾಸ ಪ್ರಬಂಧ. ಆದರೆ ಯುಗಾದಿ ಊಟದ ದಿನ ಕೂಟದ ಇಬ್ಬರು ಹಿರಿಯರು "ನೀವು ಕಂಪ್ಯೂಟರಿನವರು, ಈ ಡಿಜಿಟಲ್ ಕರೆನ್ಸಿ ಅಂದರೇನು ಹೇಳಿ" ಎಂದು ಹಿಡಿದು ಕೂರಿಸಿದರು. ಒಬ್ಬಟ್ಟು ತಣ್ಣಗಾಗುವವರೆಗೆ ಮಾತಾಡಿದೆವು, ಅವರಿಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಯೋಚಿಸಿದರೆ ನಮಗೂ ಪೂರ್ತಿ ಅರ್ಥವಾಗಿರಲಿಲ್ಲ ಎಂದು ತಿಳಿಯಿತು. ಹಾಗಾಗಿ ಇದು ಎರಡನೆಯ ಪ್ರಯತ್ನ.

ಮೊದಲು ನಾವಿರುವ ಊರಿನ ಬಗ್ಗೆ ಎರಡು ಮಾತು. ಪುತ್ರಜಯ ಮಲೇಷ್ಯಾದ ಆಡಳಿತದ ಊರು. ಅರಮನೆ ಮತ್ತು ಸಂಸತ್ತು ಕ್ವಾಲಾಲಂಪುರದಲ್ಲೇ ಉಳಿದು, 1999ರಲ್ಲಿ ಪ್ರಧಾನಿಯ ಕಚೇರಿ, ಅದರ ಹಿಂದೆ ಮಂತ್ರಾಲಯಗಳು ಇಲ್ಲಿಗೆ ಬಂದವು. ಪಕ್ಕದ ಸೈಬರ್‌ಜಯದಲ್ಲಿ ಕೆಲಸ, ಇಲ್ಲಿ ಮನೆ, ಇದು ನಮ್ಮಂಥವರ ದಿನಚರಿ. ಹಣಕಾಸು ಮಂತ್ರಾಲಯದ ಮುಂದೆ ಹಾದುಹೋಗುವಾಗ ಫಲಕ ಓದುವುದು ನಮಗೊಂದು ಆಟ. ಮಂತ್ರಾಲಯಕ್ಕೆ 'ಕೆಮೆಂತೆರಿಯನ್', ಅದರೊಳಗೆ ನಮ್ಮ 'ಮಂತ್ರಿ' ಇದ್ದಾನೆ. ಖಜಾನೆಗೆ 'ಪೆರ್ಬೆಂದಹಾರಾನ್', ಅದರೊಳಗೆ 'ಭಂಡಾರ'. ರಿಸರ್ವ್ ಬ್ಯಾಂಕಿನಂಥ ಇಲ್ಲಿನ ಸಂಸ್ಥೆಗೆ 'ಬ್ಯಾಂಕ್ ನೆಗಾರ'; 'ನಗರ' ಇಲ್ಲಿ ದೇಶವಾಗಿದೆ. ಲಾಭಕ್ಕೆ 'ಲಾಬ', ಬೆಲೆಗೆ ಅರ್ಘದಿಂದ ಬಂದ 'ಹರ್ಗ', ಖರ್ಚಿಗೆ ವ್ಯಯದಿಂದ ಬಂದ 'ಬಿಯಾಯ'. ಬಂಡವಾಳಕ್ಕೆ ತಮಿಳಿನ ಮುದಲ್‌ನಿಂದ ಬಂದ 'ಮೊಡಲ್', ಅದನ್ನು ಕೇಳಿದಾಗ ನಮ್ಮ 'ಮೊದಲು' ಕಿವಿಗೆ ಬೀಳುತ್ತದೆ. ಇನ್ನು ಹಣಕ್ಕೆ ಮಾರುಕಟ್ಟೆಯ ಮಾತು 'ದುಯಿತ್'. ಅದು ಡಚ್ಚರ ತಾಮ್ರದ ನಾಣ್ಯದ ಹೆಸರು. ಕೇಳಿದರೆ ಮಾತ್ರ ನಮ್ಮೂರಿನ ಯಾರೋ ಅವಸರದಲ್ಲಿ 'ದುಡ್ಡು' ಅಂದ ಹಾಗೆಯೇ!

ದುಡ್ಡು ಹೀಗೆ ಶತಮಾನಗಳಿಂದ ಸಮುದ್ರ ದಾಟುತ್ತಲೇ ಬಂದಿದೆ. 'ರಿಂಗಿಟ್' ಅಂದರೆ ಹಲ್ಲು ಹಲ್ಲಾದ ಅಂಚು. ಒಂದು ಕಾಲಕ್ಕೆ ಇಲ್ಲೆಲ್ಲ ಓಡಾಡಿದ ಸ್ಪೇನಿನ ಬೆಳ್ಳಿ ನಾಣ್ಯದ ಅಂಚು ಅದು. ಹಾಗಾದರೆ ಇಪ್ಪತ್ತೊಂದನೆಯ ಶತಮಾನದಲ್ಲಿ ಪುತ್ರಜಯದಿಂದ ಉಡುಪಿ ಕಡೆಯ ಒಂದು ಹಳ್ಳಿಗೆ ದುಡ್ಡು ಹೋಗಲು ನಾಲ್ಕು ದಿನ ಏಕೆ ಬೇಕಾಯಿತು?

ಅದು 2021ರ ಮೇ ತಿಂಗಳು. ಊರಿನಲ್ಲಿ ಕೋವಿಡ್ಡಿನ ಎರಡನೆಯ ಅಲೆ. ಏಪ್ರಿಲ್ 28ರಿಂದ ಮಲೇಷ್ಯಾ ಭಾರತದ ವಿಮಾನಗಳನ್ನು ನಿಲ್ಲಿಸಿತ್ತು. ತಂದೆಯವರು ಆಸ್ಪತ್ರೆಗೆ ಸೇರಿದರು. ನಾವು ಹೋಗುವಂತಿಲ್ಲ, ಅಣ್ಣ-ತಮ್ಮಂದಿರು ಯಾರೂ ಇಲ್ಲ. ಇಲ್ಲಿಂದ ಮಾಡಬಹುದಾಗಿದ್ದು ಒಂದೇ, ದುಡ್ಡು ಕಳಿಸುವುದು. ಎರಡು ಲಕ್ಷ ರೂಪಾಯಿ ಆಗುವಷ್ಟು ರಿಂಗಿಟ್ಟನ್ನು ಸೋಮವಾರ ಬೆಳಿಗ್ಗೆ ಕಳಿಸಿದೆವು. ಇಲ್ಲಿನ ಖಾತೆಯಿಂದ ಅದು ಕ್ಷಣದಲ್ಲಿ ಹೋಯಿತು. ಅಲ್ಲಿ ಬರಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಫೋನ್ ಮಾಡಿದರೆ "ನಮ್ಮ ಕಡೆಯಿಂದ ಹೋಗಿದೆ" ಎಂದು ಇಲ್ಲಿಯವರು, "ನಮ್ಮ ಕಡೆ ಬಂದಿಲ್ಲ" ಎಂದು ಅಲ್ಲಿಯವರು. ಗುರುವಾರ ದುಡ್ಡು ನಮ್ಮ ಖಾತೆಗೇ ವಾಪಸ್ಸು, ಅದೂ ಶುಲ್ಕ ಮತ್ತು ವಿನಿಮಯದ ನಷ್ಟ ಕಳೆದು! ಆ ನಾಲ್ಕು ದಿನ ತಾಯಿಯವರ ಕೈಗೆ ನಗದು ಕೊಟ್ಟಿದ್ದು ಎದುರಿನ ಔಷಧಿ ಅಂಗಡಿಯವರು. ಚೀಟಿಯಿಲ್ಲ, ಸಹಿಯಿಲ್ಲ.

ತಪ್ಪು ಎಲ್ಲಿತ್ತು? ಹನ್ನೊಂದು ಅಕ್ಷರಗಳಲ್ಲಿ. ಭಾರತದ ಪ್ರತಿ ಬ್ಯಾಂಕ್ ಶಾಖೆಗೂ ಐಎಫ್‌ಎಸ್‌ಸಿ ಎಂಬ ಸಂಕೇತವಿದೆ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ತಂದೆಯವರ ಬ್ಯಾಂಕು (ಹೆಸರು ಬೇಡ) ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿತ್ತು. ಹಳೆಯ ಸಂಕೇತದ ಅವಧಿ ಮುಗಿದಿತ್ತು. ನಾವು ವರ್ಷಗಳಿಂದ ಉಳಿಸಿಟ್ಟುಕೊಂಡ ವಿವರದ ಮೇಲೆ ಒತ್ತಿ ಕಳಿಸಿದ್ದೆವು. ದಿನವಿಡೀ ಬೇರೆಯವರ ಪ್ರೋಗ್ರಾಮಿನಲ್ಲಿ ಹಳಸಿದ ದತ್ತಾಂಶ ಹುಡುಕುವುದೇ ಕಸುಬಾಗಿರುವ ನಮಗೆ ನಮ್ಮದೇ ಮನೆಯದು ಕಾಣಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಈ ವಿಲೀನದ ವಿಷಯ ಹೇಳಬೇಕು, ಏಕೆಂದರೆ ಕರಾವಳಿಯವರಿಗೆ ಅದು ಬರೀ ಸಂಕೇತದ ಬದಲಾವಣೆಯಾಗಿರಲಿಲ್ಲ. ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆ (ಆಗ ಉಡುಪಿಯೂ ಅದರಲ್ಲೇ ಇತ್ತು) ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತಿತ್ತು. 1906ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆ ಆರಂಭಿಸಿದರು. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಮಳೆ, ಮೀನು, ಅಡಿಕೆಯ ಸೀಮೆ!

ಅವುಗಳಲ್ಲಿ ಸಿಂಡಿಕೇಟಿನ ಕಥೆ ನಮಗೆ ಬಹಳ ಇಷ್ಟ. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಎಂಟು ಸಾವಿರ ರೂಪಾಯಿಯಲ್ಲಿ ಶುರುಮಾಡಿದ್ದು. 1928ರಲ್ಲಿ ಅವರು 'ಪಿಗ್ಮಿ' ಠೇವಣಿ ತಂದರು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಬರೆದುಕೊಂಡು ಹೋಗುತ್ತಿದ್ದರು. ನಮ್ಮಜ್ಜಿ ಅಕ್ಕಿ ಡಬ್ಬದಿಂದ ಚಿಲ್ಲರೆ ತೆಗೆದು ಪಿಗ್ಮಿಯವರಿಗೆ ಕೊಡುತ್ತಿದ್ದುದನ್ನು ನಾವೇ ನೋಡಿದ್ದೇವೆ. ಇಂದು ಹಣಕಾಸು ತಂತ್ರಜ್ಞಾನದ ಸಮ್ಮೇಳನಗಳಲ್ಲಿ 'ಕೊನೆಯ ಮೈಲಿ' ಎಂದು ತಲೆ ಕೆಡಿಸಿಕೊಳ್ಳುವ ಸಮಸ್ಯೆಯನ್ನು ಚಪ್ಪಲಿ ಸವೆಸಿ ಬಗೆಹರಿಸಿದವರು ಆ ಪಿಗ್ಮಿಯವರು.

1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ರಾಷ್ಟ್ರೀಕರಣವಾದವು. ಆಮೇಲೆ ಬಂತು ವಿಲೀನದ ಕಾಲ. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರ ಏಪ್ರಿಲ್ 1ಕ್ಕೆ ವಿಜಯಾ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. (ಮೂರ್ಖರ ದಿನವನ್ನೇ ಏಕೆ ಆರಿಸಿದರು ಎಂದು ಕೇಳಬೇಡಿ, ಅದು ಹಣಕಾಸು ವರ್ಷದ ಮೊದಲ ದಿನ.) ಕಾರಣಗಳು ಸುಳ್ಳಲ್ಲ: ಬಾರದ ಸಾಲ, ಹೆಚ್ಚಿದ ಬಂಡವಾಳದ ನಿಯಮ, ಚಿಕ್ಕ ಬ್ಯಾಂಕಿಗೆ ಹೊರಲಾಗದ ಕಂಪ್ಯೂಟರ್ ವೆಚ್ಚ. ಆದರೂ ಐದರಲ್ಲಿ ಮೂರು ಹೆಸರುಗಳು ಹದಿಮೂರು ತಿಂಗಳೊಳಗೆ ಅಳಿಸಿಹೋದವು. ಶಾಖೆಯ ಮ್ಯಾನೇಜರರಿಗೆ "ಇವರು ಯಾರ ಮಗ, ಗದ್ದೆ ಎಲ್ಲಿದೆ, ಮಾತಿಗೆ ನಿಲ್ಲುವವರೋ" ಎಂದು ತಿಳಿದಿರುತ್ತಿತ್ತು. ಅದೂ ಒಂದು ದತ್ತಾಂಶವೇ. ಸಾಫ್ಟ್‌ವೇರ್ ಜೋಡಿಸುವಾಗ ಅದು ಹೊಸ ಯಂತ್ರಕ್ಕೆ ಬರಲಿಲ್ಲ. ಔಷಧಿ ಅಂಗಡಿಯವರ ತಲೆಯಲ್ಲಿ ಮಾತ್ರ ಉಳಿದಿತ್ತು.

ಈಗ ಮುಖ್ಯ ಪ್ರಶ್ನೆ. ದುಡ್ಡು 'ಹೋಗುತ್ತದೆ' ಅನ್ನುತ್ತೇವಲ್ಲ, ನಿಜಕ್ಕೂ ಏನು ಹೋಗುತ್ತದೆ? ಏನೂ ಹೋಗುವುದಿಲ್ಲ! ಹೋಗುವುದು ಒಂದು ಸಂದೇಶ. ಇಲ್ಲಿನ ಬ್ಯಾಂಕು ನಮ್ಮ ಲೆಕ್ಕದಲ್ಲಿ ಕಡಿಮೆ ಬರೆಯುತ್ತದೆ, ಅಲ್ಲಿನ ಬ್ಯಾಂಕು ತಂದೆಯವರ ಲೆಕ್ಕದಲ್ಲಿ ಹೆಚ್ಚು ಬರೆಯುತ್ತದೆ. ಎರಡು ಬ್ಯಾಂಕುಗಳ ನಡುವಿನ ಬಾಕಿ ತೀರಬೇಕಾದರೆ ಇಬ್ಬರಿಗೂ ಒಂದು ಕಡೆ ಖಾತೆಯಿರಬೇಕು. ನೇರ ಸಂಬಂಧವಿಲ್ಲದಿದ್ದರೆ ಮಧ್ಯಸ್ಥ ಬ್ಯಾಂಕು, ಅದೂ ಸಾಮಾನ್ಯವಾಗಿ ಡಾಲರಿನಲ್ಲಿ. ಬೆಲ್ಜಿಯಮ್ಮಿನಲ್ಲಿ 1973ರಲ್ಲಿ ಹುಟ್ಟಿದ ಸ್ವಿಫ್ಟ್ ಸಂಸ್ಥೆ ಈ ಸಂದೇಶಗಳ ಅಂಚೆಯವನು ಅಷ್ಟೆ. ಹಣದ ಚೀಲ ಅವನ ಹೆಗಲ ಮೇಲಿಲ್ಲ. ಮಲಯಾದಲ್ಲಿ ಲೇವಾದೇವಿ ಮಾಡುತ್ತಿದ್ದ ಚೆಟ್ಟಿಯಾರರ ಹುಂಡಿಯ ತತ್ತ್ವವೂ ಇದೇ. ವ್ಯತ್ಯಾಸವೆಂದರೆ ಅವರಲ್ಲಿ ಎರಡೂ ತುದಿಯಲ್ಲಿ ಒಂದೇ ಬಳಗದವರಿದ್ದರು. ಇಲ್ಲಿ ನಡುವೆ ಮೂರ್ನಾಲ್ಕು ಅಪರಿಚಿತರು, ಪ್ರತಿಯೊಬ್ಬರ ಕಚೇರಿ ಸಮಯ ಬೇರೆ, ಪ್ರತಿಯೊಬ್ಬರಿಗೂ ಶುಲ್ಕ. ಭಾರತಕ್ಕೆ ಹೊರಗಿನಿಂದ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರಿಗೂ ಹೆಚ್ಚು ಹಣ ಹೀಗೆ ಬರುತ್ತದೆ. ಜಗತ್ತಿನಲ್ಲಿ ಹೀಗೆ ಮನೆಗೆ ಕಳಿಸುವ ಹಣದ ಮೇಲಿನ ಸರಾಸರಿ ವೆಚ್ಚ ಸುಮಾರು ಶೇಕಡಾ 6. ಅದನ್ನು 2030ರೊಳಗೆ 3ಕ್ಕಿಂತ ಕೆಳಗಿಳಿಸಬೇಕೆಂದು ವಿಶ್ವಸಂಸ್ಥೆಯ ಗುರಿ.

ಇನ್ನೊಂದು ಸ್ಥಳೀಯ ತೊಡಕು. ರಿಂಗಿಟ್ ಮಲೇಷ್ಯಾದ ಹೊರಗೆ ಮುಕ್ತವಾಗಿ ವ್ಯಾಪಾರವಾಗುವ ಹಣವಲ್ಲ. ಇದು 1998ರ ಗಾಯದ ಗುರುತು. ಏಷ್ಯಾದ ಹಣಕಾಸು ಬಿಕ್ಕಟ್ಟಿನಲ್ಲಿ ಡಾಲರಿಗೆ ಎರಡೂವರೆಯ ಆಸುಪಾಸಿದ್ದ ರಿಂಗಿಟ್ 1998ರ ಜನವರಿಯಲ್ಲಿ 4.88ರ ತನಕ ಕುಸಿಯಿತು. ಆ ಸೆಪ್ಟೆಂಬರಿನಲ್ಲಿ ಪ್ರಧಾನಿ ಮಹತೀರ್ ಅದನ್ನು 3.80ಕ್ಕೆ ಕಟ್ಟಿಹಾಕಿ, ಹೊರಗಿರುವ ರಿಂಗಿಟ್ಟೆಲ್ಲ ಒಂದು ತಿಂಗಳಲ್ಲಿ ಒಳಗೆ ಬರಬೇಕು ಎಂದರು. ಅಂದ ಹಾಗೆ, ಅದರ ಜೊತೆಗೇ ಅವರು ರದ್ದು ಮಾಡಿದ ನೋಟುಗಳು ಯಾವುವು ಗೊತ್ತೇ? 500 ಮತ್ತು 1000! 1999ರ ಜುಲೈ 1ರಿಂದ ಅವು ಬರೀ ಕಾಗದ. 2016ರ ನವೆಂಬರ್ 8ರ ರಾತ್ರಿ ಊರಿನಿಂದ ಫೋನ್ ಬಂದಾಗ ಇಲ್ಲಿನ ಹಳೆಯ ಸಹೋದ್ಯೋಗಿಯೊಬ್ಬರು "ನಮ್ಮಲ್ಲೂ ಅದೇ ಎರಡು" ಎಂದು ನಕ್ಕಿದ್ದರು. ಆದರೆ ಇಲ್ಲಿ ತಿಂಗಳುಗಟ್ಟಲೆ ಮುನ್ಸೂಚನೆಯಿತ್ತು, ನಮ್ಮಲ್ಲಿ ನಾಲ್ಕು ಗಂಟೆ. 3.80ರ ಕಟ್ಟು 2005ರ ಜುಲೈಯಲ್ಲಿ ಬಿಚ್ಚಿತು. ಹೊರಗೆ ವ್ಯಾಪಾರವಿಲ್ಲ ಎಂಬ ನೀತಿ ಉಳಿಯಿತು.

ಇಷ್ಟರ ಮೇಲೆ 'ಡಿಜಿಟಲ್ ಕರೆನ್ಸಿ'. ಹಿರಿಯರಿಗೆ ಅಂದು ಅರ್ಥವಾಗದ ಕಾರಣ ಇದು: ಈ ಒಂದು ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಜನ ಕರೆಯುತ್ತಾರೆ. ಯಾರ ಸಾಲಪತ್ರ ಎಂದು ಕೇಳಿಕೊಂಡರೆ ಗಂಟು ಬಿಡುತ್ತದೆ. ನಮ್ಮ ಬ್ಯಾಂಕ್ ಖಾತೆಯಲ್ಲಿರುವುದು ಎಂದೋ ಡಿಜಿಟಲ್ ಆಗಿದೆ. ಅದು ಆ ಬ್ಯಾಂಕು ನಮಗೆ ಬರೆದುಕೊಟ್ಟ ಸಾಲಪತ್ರ. ಯುಪಿಐ, ದುಯಿತ್‌ನೌ ಎಲ್ಲ ಇದನ್ನೇ ವೇಗವಾಗಿ ದಾಟಿಸುವ ರಸ್ತೆಗಳು, ಹೊಸ ಹಣವಲ್ಲ. ಕಿಸೆಯ ನೋಟು ಹಾಗಲ್ಲ, ಅದು ರಿಸರ್ವ್ ಬ್ಯಾಂಕಿನ ಸಾಲಪತ್ರ; ಬ್ಯಾಂಕು ಮುಳುಗಿದರೂ ನೋಟು ಮುಳುಗುವುದಿಲ್ಲ. ಆ ನೋಟನ್ನೇ ಕಾಗದವಿಲ್ಲದೆ ಫೋನಿನೊಳಗೆ ಇಟ್ಟರೆ ಅದು ಡಿಜಿಟಲ್ ರೂಪಾಯಿ. 2022ರ ಡಿಸೆಂಬರ್ 1ರಂದು ಜನಬಳಕೆಗೆ ಪ್ರಯೋಗ ಶುರುವಾದ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು. 2025ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದದ್ದು ಸುಮಾರು 1,016 ಕೋಟಿ ರೂಪಾಯಿ. ಕಾಗದದ ನೋಟುಗಳು ಸುಮಾರು 37 ಲಕ್ಷ ಕೋಟಿ. ಸಾಗರದ ಮುಂದೆ ಚೊಂಬು.

(ಸಾಹಿತ್ಯ ಕೂಟಕ್ಕೆಂದೇ ಒಂದು ಅಡ್ಡಮಾತು. ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಹದಿನೈದು ಸಾಲುಗಳಿವೆ, ನಾಲ್ಕನೆಯದು ಕನ್ನಡ. ನಮ್ಮ ಮಗಳು ಕನ್ನಡ ಅಂಕಿಗಳ ಹೆಸರನ್ನು ಮೊದಲು ಕೂಡಿಸಿ ಓದಿದ್ದು ಅಲ್ಲೇ. ಫೋನಿನೊಳಗಿನ ಟೋಕನ್ ಎಂಬುದು ಅಂಕಿ-ಅಕ್ಷರಗಳ ಒಂದು ಸಾಲು. ಅದಕ್ಕೆ ಹಿಂಬದಿಯೇ ಇಲ್ಲ.)

ಮೂರನೆಯದು ಬಿಟ್‌ಕಾಯಿನ್. 2008ರಲ್ಲಿ ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಲೇಖನದಿಂದ ಹುಟ್ಟಿ 2009ರ ಜನವರಿಯಲ್ಲಿ ನಡೆಯತೊಡಗಿತು. ಇದು ಯಾರ ಸಾಲಪತ್ರವೂ ಅಲ್ಲ. ಎಲ್ಲರ ಬಳಿಯೂ ಒಂದೇ ಖಾತಾ ಪುಸ್ತಕದ ಪ್ರತಿ, ಎಲ್ಲರೂ ಎಲ್ಲರನ್ನೂ ಪರೀಕ್ಷಿಸುತ್ತಾರೆ, 2.1 ಕೋಟಿಗಿಂತ ಹೆಚ್ಚು ನಾಣ್ಯ ಹುಟ್ಟುವುದಿಲ್ಲ. ಪ್ರೋಗ್ರಾಮರುಗಳಾಗಿ ನಮಗೆ ಅದರ ರಚನೆಯ ಮೇಲೆ ಗೌರವವಿದೆ. ಮನೆಯ ಖರ್ಚಿಗೆ ಅದನ್ನು ಕಳಿಸಲಾರೆವು. ಸೋಮವಾರದ ಎರಡು ಲಕ್ಷ ಗುರುವಾರ ಒಂದೂಮುಕ್ಕಾಲು ಆದರೆ ಆಸ್ಪತ್ರೆಯವರು ಒಪ್ಪುತ್ತಾರೆಯೇ? ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ 2018ರ ಅಕ್ಟೋಬರಿನಲ್ಲಿ ಇಟ್ಟ ಬಿಟ್‌ಕಾಯಿನ್ ಎಟಿಎಂ ಕೆಲವೇ ದಿನಗಳಲ್ಲಿ ಪೊಲೀಸರ ವಶವಾಯಿತು. ಇಲ್ಲಿ ಸರವಾಕಿನ ಮಿರಿ ಊರಿನಲ್ಲಿ ಕದ್ದ ವಿದ್ಯುತ್ತಿನಿಂದ ಬಿಟ್‌ಕಾಯಿನ್ ತೆಗೆಯುತ್ತಿದ್ದ 1,069 ಯಂತ್ರಗಳನ್ನು ಹಿಡಿದು, 2021ರ ಜುಲೈಯಲ್ಲಿ ರಸ್ತೆ ರೋಲರ್ ಹತ್ತಿಸಿ ಪುಡಿ ಮಾಡಿದರು. ಆ ವಿಡಿಯೊ ನೋಡಿ ಹೊಟ್ಟೆ ಉರಿದದ್ದು ನಿಜ. ಅಷ್ಟು ಒಳ್ಳೆಯ ಯಂತ್ರಗಳು!

ನಾಲ್ಕನೆಯದರ ಮೇಲೆ ಕಣ್ಣಿಡಿ. ಸ್ಟೇಬಲ್‌ಕಾಯಿನ್ ಎಂಬುದು ಖಾಸಗಿ ಕಂಪನಿಯ ಸಾಲಪತ್ರ: "ನಮ್ಮ ಬಳಿ ಒಂದು ಡಾಲರ್ ಇದೆ, ಅದಕ್ಕೆ ಈ ಟೋಕನ್." ಹೆಚ್ಚುಕಡಿಮೆ ಎಲ್ಲವೂ ಡಾಲರಿಗೇ ಕಟ್ಟಿದವು. 2022ರ ಮೇಯಲ್ಲಿ ಟೆರ್ರಾ ಎಂಬುದು ಕುಸಿದದ್ದು ಡಾಲರ್ ಇಡದೆ ಬರೀ ಗಣಿತ ನಂಬಿದ್ದರಿಂದ. 2025ರ ಜುಲೈಯಲ್ಲಿ ಅಮೆರಿಕ ಇವಕ್ಕೆ ಕಾನೂನು ಮಾಡಿತು: ಪ್ರತಿ ಟೋಕನ್ನಿಗೂ ನಗದು ಅಥವಾ ಅಲ್ಪಾವಧಿಯ ಸರ್ಕಾರಿ ಸಾಲಪತ್ರದಂಥ ಆಧಾರ ಇರಲೇಬೇಕು. ಅದೇ ವರ್ಷ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷರು ತಮ್ಮ ಕೇಂದ್ರ ಬ್ಯಾಂಕಿನ ಡಿಜಿಟಲ್ ಡಾಲರಿಗೆ ತಡೆ ಹಾಕಿದ್ದರು. ಎರಡನ್ನೂ ಜೋಡಿಸಿ ನೋಡಿದರೆ ದಾರಿ ಕಾಣುತ್ತದೆ. ಫೋನಿರುವ ಯಾರೇ ಆಗಲಿ ತನ್ನ ದೇಶದ ಬ್ಯಾಂಕನ್ನು ಕೇಳದೆ ಡಾಲರ್ ಇಟ್ಟುಕೊಳ್ಳಬಹುದು. ಆ ಟೋಕನ್ನಿನ ಬೆನ್ನಿಗೆ ಅಮೆರಿಕ ಸರ್ಕಾರದ ಸಾಲಪತ್ರ. ಅಂದರೆ ಅವರ ಸಾಲವನ್ನು ಜಗತ್ತಿನ ಜನಸಾಮಾನ್ಯರು ಹೊರುತ್ತಾರೆ. 1998 ಕಂಡ ದೇಶಕ್ಕೆ, ರೂಪಾಯಿಗೆ ಬೇಲಿ ಹಾಕಿ ಬೆಳೆದ ದೇಶಕ್ಕೆ ಇದು ನಿದ್ದೆಗೆಡಿಸುವ ವಿಷಯ. ಏಷ್ಯಾದ ಕೇಂದ್ರ ಬ್ಯಾಂಕುಗಳ ಅವಸರ ನಮಗೆ ಅರ್ಥವಾದದ್ದು ಇಲ್ಲಿಂದಲೇ.

ಅವು ಎರಡು ದಾರಿ ಹಿಡಿದಿವೆ. ಒಂದು, ಡಾಲರಿಲ್ಲದ ವ್ಯಾಪಾರ. ರಿಸರ್ವ್ ಬ್ಯಾಂಕು 2022ರ ಜುಲೈ 11ರಂದು ವಿದೇಶಿ ವ್ಯಾಪಾರವನ್ನು ರೂಪಾಯಿಯಲ್ಲೇ ಮುಗಿಸಲು ಅನುಮತಿ ಕೊಟ್ಟಿತು. 2023ರ ಏಪ್ರಿಲ್ ಒಂದರಂದು ಮಲೇಷ್ಯಾಕ್ಕೂ ಇದು ಅನ್ವಯಿಸುತ್ತದೆ ಎಂದು ಭಾರತ ಪ್ರಕಟಿಸಿತು. ಕ್ವಾಲಾಲಂಪುರದ ಇಂಡಿಯಾ ಇಂಟರ್‌ನ್ಯಾಷನಲ್ ಬ್ಯಾಂಕು ಭಾರತದ ಯೂನಿಯನ್ ಬ್ಯಾಂಕಿನಲ್ಲಿ 'ವೋಸ್ಟ್ರೊ' ಖಾತೆ ತೆರೆಯಿತು. ಇಟಲಿಯ ಭಾಷೆಯಲ್ಲಿ 'ನಿಮ್ಮದು' ಎಂದರ್ಥ. ತಾಳೆಣ್ಣೆ ಕೊಂಡ ಭಾರತದ ವ್ಯಾಪಾರಿ ಅದರಲ್ಲಿ ರೂಪಾಯಿ ಹಾಕಬಹುದು, ಡಾಲರಿನ ಗೊಡವೆಯಿಲ್ಲ. ಯೂನಿಯನ್ ಬ್ಯಾಂಕು ಎಂದರೆ 2020ರಿಂದ ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕನ್ನು ಹೊಟ್ಟೆಯಲ್ಲಿಟ್ಟುಕೊಂಡ ಬ್ಯಾಂಕು! ಉಡುಪಿಯ ಐದು ಸಾವಿರದ ಬೀಜ ಕಡಲಾಚೆಗೂ ಬಳ್ಳಿ ಚಾಚಿದೆ ಎಂದು ನಾವು ಹಿಗ್ಗಿದೆವು. ತೊಡಕೂ ಇದೆ. ಭಾರತ ಇಲ್ಲಿಂದ ಕೊಳ್ಳುವುದು ಹೆಚ್ಚು, ಮಾರುವುದು ಕಡಿಮೆ. ಹಾಗಾಗಿ ಆ ಖಾತೆಯಲ್ಲಿ ರೂಪಾಯಿ ರಾಶಿಯಾಗಬಹುದು. ರಷ್ಯಾಕ್ಕೆ ಆದದ್ದು ಇದೇ. ಭಾರತದ ಬ್ಯಾಂಕುಗಳಲ್ಲಿ ಕೋಟಿಗಟ್ಟಲೆ ರೂಪಾಯಿ ಕೂಡಿ ಬಿದ್ದಿದೆ, ಬಳಸಲಾಗುತ್ತಿಲ್ಲ ಎಂದು ಅವರ ವಿದೇಶಾಂಗ ಮಂತ್ರಿ 2023ರ ಮೇಯಲ್ಲಿ ಬಹಿರಂಗವಾಗಿಯೇ ಹೇಳಿದರು. ಡಾಲರಿನ ಬಲ ಅದರ ಮುಖಬೆಲೆಯಲ್ಲಿಲ್ಲ. ಕೈಗೆ ಬಂದ ಡಾಲರನ್ನು ಯಾರಿಗೆ ಬೇಕಾದರೂ ದಾಟಿಸಬಹುದು ಎಂಬುದರಲ್ಲಿದೆ.

ಇನ್ನೊಂದು ದಾರಿ ರಸ್ತೆಗಳನ್ನೇ ಕೂಡಿಸುವುದು. ನಮ್ಮ ಪ್ರಿಸಿಂಕ್ಟಿನ ರಾತ್ರಿ ಸಂತೆಯಲ್ಲಿ ಕಬ್ಬಿನ ಹಾಲಿನವಳ ಗಾಡಿಗೆ ಅಂಟಿಸಿದ ದುಯಿತ್‌ನೌ ಚೌಕ, ಊರಿನಲ್ಲಿ ಬಂಗುಡೆ ಮಾರುವವರ ಬುಟ್ಟಿಯ ಯುಪಿಐ ಚೌಕ, ಎರಡೂ ಕ್ಷಣಾರ್ಧದ ಕೆಲಸ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವ್ಯವಹಾರ 2,000 ಕೋಟಿ ದಾಟಿತು. ಎರಡು ತುದಿ ಮಿಂಚು, ನಡುವೆ ಎತ್ತಿನ ಗಾಡಿ. ಸಿಂಗಪುರದ ಮಿತ್ರರಿಗೆ ಈ ಗೋಳು ಕಡಿಮೆ: 2023ರ ಫೆಬ್ರುವರಿ 21ರಂದು ಅವರ ಪೇನೌ ಮತ್ತು ಯುಪಿಐ ನೇರವಾಗಿ ಕೂಡಿದವು, ಅದೇ ವರ್ಷ ನವೆಂಬರಿನಲ್ಲಿ ಪೇನೌ ಮತ್ತು ದುಯಿತ್‌ನೌ ಕೂಡಿದವು. ಹಾಗಾದರೆ ಎಲ್ಲರೂ ಎಲ್ಲರೊಡನೆ ಹೀಗೆ ಜೋಡಿಸಿಕೊಳ್ಳಬಾರದೇ? ಇಲ್ಲಿ ನಮ್ಮ ಕಸುಬಿನ ಲೆಕ್ಕ ಬರುತ್ತದೆ. ಐದು ದೇಶಕ್ಕೆ ಹತ್ತು ಜೋಡಣೆ ಸಾಕು. ಇಪ್ಪತ್ತು ದೇಶಕ್ಕೆ 190 ಬೇಕು. ಅದಕ್ಕೆ ನಡುವೆ ಒಂದೇ ಕೇಂದ್ರವಿಟ್ಟು ಪ್ರತಿ ದೇಶ ಅದಕ್ಕೊಂದೇ ಸಲ ಸೇರುವ 'ನೆಕ್ಸಸ್' ಯೋಜನೆ. ಭಾರತ, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್, ಫಿಲಿಪ್ಪೀನ್ಸ್ ಕೇಂದ್ರ ಬ್ಯಾಂಕುಗಳು 2024ರ ಜೂನ್ 30ರಂದು ಬಾಸೆಲ್‌ನಲ್ಲಿ ಸಹಿ ಹಾಕಿದವು. ಹಣ ಒಂದು ನಿಮಿಷದೊಳಗೆ ತಲುಪಬೇಕೆಂಬ ಲೆಕ್ಕಾಚಾರ, 2026ರೊಳಗೆ ನಡೆಸಬೇಕೆಂದು ಆಗ ಗುರಿಯಿತ್ತು. ಇದಕ್ಕೂ ಮೊದಲು, 2021-22ರಲ್ಲಿ, ಬ್ಯಾಂಕ್ ನೆಗಾರವು ಸಿಂಗಪುರ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕದ ಕೇಂದ್ರ ಬ್ಯಾಂಕುಗಳ ಜೊತೆ 'ಡನ್ಬಾರ್' ಎಂಬ ಪ್ರಯೋಗದಲ್ಲಿ ಡಿಜಿಟಲ್ ಹಣಗಳನ್ನು ಒಂದೇ ವೇದಿಕೆಯಲ್ಲಿ ಬದಲಿಸಿ ನೋಡಿತ್ತು. ತಂತ್ರಜ್ಞಾನ ಕೆಲಸ ಮಾಡಿತು. ಯಾರ ಮನೆಯಲ್ಲಿ ಯಾರ ಕಾನೂನು ಎಂಬುದೇ ಕಷ್ಟವಾಗಿ ಉಳಿಯಿತು.

ನಮಗೊಂದು ಅಳುಕೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಡಿಜಿಟಲ್ ನೋಟಿಗೆ ನಿಯಮ ಬರೆಯಬಹುದು: ಈ ಹಣ ಗೊಬ್ಬರಕ್ಕೆ ಮಾತ್ರ, ಈ ಹಣ ಮಾರ್ಚ್ ತನಕ ಮಾತ್ರ. ಸಹಾಯಧನ ಸೋರಿಹೋಗದಿರಲು ಒಳ್ಳೆಯದೇ. ಆದರೆ ಬರೆಯಲು ಬರುವ ನಿಯಮವನ್ನು ಯಾರೋ ಒಬ್ಬರು ಬರೆದೇ ಬರೆಯುತ್ತಾರೆ ಎಂಬುದು ಇಪ್ಪತ್ತು ವರ್ಷ ಈ ಕೆಲಸ ಮಾಡಿ ಕಲಿತದ್ದು. ಅಜ್ಜಿಯ ಅಕ್ಕಿ ಡಬ್ಬದೊಳಗೆ ಯಾರೂ ಇಣುಕುತ್ತಿರಲಿಲ್ಲ.

ತಂದೆಯವರು ಆ ವರ್ಷ ಜೂನ್ ಮೊದಲ ವಾರ ಮನೆಗೆ ಬಂದರು. ಮೊನ್ನೆ ದುಡ್ಡು ಕಳಿಸಿ ಫೋನ್ ಮಾಡಿದೆವು, ಮಾತು ಮುಗಿಯುವ ಮೊದಲೇ "ಬಂತು ನೋಡು" ಎಂದರು. ಹಿಂದೆಯೇ ಪುಟ ತಿರುಗಿಸುವ ಸದ್ದು. ಅವರಿಗೊಂದು ಅಭ್ಯಾಸ: ನೋಟ್‌ಬುಕ್ಕಿನಲ್ಲಿ ಕಳಿಸಿದ ದಿನ, ಬಂದ ದಿನ, ಮೊತ್ತ ಎಂದು ಮೂರು ಗೆರೆ ಎಳೆದು ಬರೆಯುತ್ತಾರೆ. ಕಳೆದ ಸಲ ಊರಿಗೆ ಹೋದಾಗ 2021ರ ಪುಟ ನೋಡಿದೆವು. ಮೇ ತಿಂಗಳ ಸಾಲಿನಲ್ಲಿ 'ಬಂದ ದಿನ' ಖಾಲಿ. ಅದರ ಕೆಳಗೆ ತಾಯಿಯವರ ಅಕ್ಷರದಲ್ಲಿ ಔಷಧಿ ಅಂಗಡಿಯವರ ಹೆಸರು, ಮೂರು ಬೇರೆ ಬೇರೆ ಮೊತ್ತ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಸಂದಾಯ'.